ಒರೆಸಿದ ಮುಖ

ಗ್ಯಾಲರಿಯವನ ವ್ಯಾನು ಕೆಳಗೆ ಬಂದು ನಿಂತಿತ್ತು. ಮೇಲಿನ ಕೋಣೆಯಲ್ಲಿ ಚಿತ್ರಗಾರ ಇನ್ನೂ ಕ್ಯಾನ್ವಾಸಿನ ಮುಖದ ಹುಬ್ಬಿನ ಹತ್ತಿರವೇ ತಡಕಾಡುತ್ತಿದ್ದ.

ಮುಖವಿಲ್ಲದ ಹುಡುಗಿಯ ಚಿತ್ರಗಳಿಂದಲೇ ಅವನು ಹೆಸರು ಮಾಡಿದ್ದು. ಫ್ರಾಕು, ಮಂಡಿಯ ಕೊಳೆ, ಬಿಚ್ಚಿಹೋದ ಜಡೆ ಎಲ್ಲ ಅಚ್ಚುಕಟ್ಟು. ಮುಖದ ಜಾಗದಲ್ಲಿ ಮಾತ್ರ ಬಟ್ಟೆಯಿಂದ ಒರೆಸಿದ ಗುರುತು. ಪತ್ರಿಕೆಯವರು ಅದನ್ನು ಶೂನ್ಯ ಎಂದರು. ಹೆಂಡತಿ ಓದಿ, "ಶೂನ್ಯವಂತೆ! ಮರೆತುಹೋಗಿದೆ ಅನ್ನೋಕೆ ಇಷ್ಟು ದೊಡ್ಡ ಮಾತು ಬೇಕಾ?" ಎಂದಿದ್ದಳು.

ಹುಡುಗಿ ಅವರ ಮಗಳು. ನಾಲ್ಕು ತುಂಬುವ ಮೊದಲೇ ಜ್ವರದಲ್ಲಿ ಹೋದಳು. ಒಂದು ಫೋಟೊ ಕೂಡ ಇರಲಿಲ್ಲ. ಸ್ಟುಡಿಯೊಗೆ ಹೋಗೋಣ ಎಂದು ಹೆಂಡತಿ ಕರೆದಾಗಲೆಲ್ಲ ಅವನು, "ಮನೇಲಿ ನಾನಿರೋವಾಗ ಫೋಟೊ ಯಾಕೆ? ನಾನೇ ಬರೀತೀನಿ," ಎನ್ನುತ್ತಿದ್ದ. ಬರೆದದ್ದು ಕಾರ್ಖಾನೆ ಮಾಲೀಕರನ್ನು, ಅವರ ನಾಯಿಗಳನ್ನು. ಮಗಳು ಕುರ್ಚಿಯಲ್ಲಿ ನೆಟ್ಟಗೆ ಕೂರುತ್ತಿರಲಿಲ್ಲ. ಸ್ವಲ್ಪ ದೊಡ್ಡವಳಾಗಲಿ ಎಂದು ಬಿಟ್ಟ. ಹಿತ್ತಲ ಗಿಡ ಮದ್ದಲ್ಲ ಎನ್ನುವುದು ಸುಳ್ಳಲ್ಲ.

ಆಮೇಲೆ ಪ್ರತಿ ಚಿತ್ರದ್ದೂ ಒಂದೇ ಪಾಡು. ಅವನು ಮುಖ ಬರೆದು ಹೆಂಡತಿಯನ್ನು ಕರೆಯುವುದು, ಅವಳು "ಇವಳಲ್ಲ" ಎನ್ನುವುದು, ಅವನು ಟರ್ಪೆಂಟೈನಿನ ಬಟ್ಟೆಯಿಂದ ಹಸಿ ಬಣ್ಣ ಒರೆಸಿಹಾಕುವುದು. ಅವಳಿಗಾದರೂ ನೆನಪಿದೆ ಎನ್ನುವುದೊಂದೇ ಅವನಿಗಿದ್ದ ಆಸರೆ.

ಇವತ್ತೂ ಕರೆದ. ಅವಳು ಕೈ ಒರೆಸಿಕೊಳ್ಳುತ್ತಾ ಬಂದು ನಿಂತಳು.

"ಮಂಚದ ಮೂಲೆ ತಾಗಿ ಹುಬ್ಬಿನ ಮೇಲೆ ಗಾಯದ ಕಲೆ ಇತ್ತಲ್ಲ, ಯಾವ ಕಡೆ ಕಣೇ?"

"ಎಡಗಡೆ."

"ಹೋದ ಸಲ ಎಡಗಡೆ ಹಾಕಿದ್ದಕ್ಕೆ ಇವಳಲ್ಲ ಅಂದೆ."

"ಹಾಗಾದ್ರೆ ಬಲಗಡೆ ಇರಬೇಕು."

"ಇರಬೇಕು ಅಂದ್ರೆ?"

"ನನ್ನನ್ನೇನು ಕೇಳ್ತೀರಿ? ನೋಡೋದು ನಿಮ್ಮ ಕಸುಬು ತಾನೇ?"

ಅವನು ಕುಂಚ ಕೆಳಗಿಟ್ಟ. "ಮರೆತು ಎಷ್ಟು ದಿನ ಆಯ್ತು?"

ಅವಳು ಕಿಟಕಿಯ ಕಡೆ ತಿರುಗಿದಳು. "ಗೊತ್ತಿಲ್ಲ ರೀ. ಮೊದಮೊದಲು ಚೆನ್ನಾಗೇ ನೆನಪಿತ್ತು. ನೀವು ಬರೆದ ಒಂದೊಂದು ಮುಖಾನೂ ಬಂದು ಅವಳ ಮುಖದ ಮೇಲೆ ಕೂತ್ಕೊಂಡುಬಿಡ್ತು. ಈಗ ಕಣ್ಣು ಮುಚ್ಚಿದ್ರೆ ನಿಮ್ಮ ಚಿತ್ರಗಳೇ ಕಾಣ್ತವೆ."

ಮೆಟ್ಟಿಲ ಮೇಲೆ ಬೂಟಿನ ಸದ್ದಾಯಿತು. ಗ್ಯಾಲರಿಯವನು ಬಾಗಿಲಾಚೆಯಿಂದಲೇ ಕೂಗಿದ. "ಮುಗೀತಾ ಸರ್?"

ಚಿತ್ರಗಾರನ ಕೈ ಏಳಲಿಲ್ಲ. ಕ್ಯಾನ್ವಾಸಿನ ಮೇಲಿದ್ದದ್ದು ಯಾರದೋ ಮಗುವಿನ ಮುಖ, ಚೆಂದವಾಗಿಯೇ ಇತ್ತು. ಹೆಂಡತಿ ಬಟ್ಟೆ ಎತ್ತಿಕೊಂಡು, ಊಟದ ಮೇಜು ಒರೆಸುವವಳಂತೆ ಒಂದೇ ಎಳೆತಕ್ಕೆ ಒರೆಸಿದಳು.

"ಮುಗೀತು. ತಗೊಂಡು ಹೋಗಿ."

ಗ್ಯಾಲರಿಯವನು ಒಳಗೆ ಬಂದು, ಎರಡು ಹೆಜ್ಜೆ ಹಿಂದೆ ಸರಿದು ನೋಡಿದ. "ಅಬ್ಬಾ ಸರ್, ಈ ಸಲ ಒರೆಸಿರೋದ್ರಲ್ಲಿ ಏನೋ ಜೋರಿದೆ!"

"ಇನ್ನೂ ಹಸಿ ಇದೆ, ಹುಷಾರು," ಎಂದಳು ಹೆಂಡತಿ.