ಸೀಟಿನ ಅಳತೆ

ನಮ್ಮ ಗ್ಯಾರೇಜಿನಲ್ಲಿ ಅಪ್ಪನ ಕಾನೂನು ಒಂದೇ: ರಿಪೇರಿ ನನ್ನದು, ಓಡಿಸುವುದು ಅಣ್ಣನದು. ರೇಸ್ ಲೈಸೆನ್ಸಿನ ಪರೀಕ್ಷೆಯನ್ನು ಇಬ್ಬರೂ ಪಾಸು ಮಾಡಿದ್ದೆವು. ಅವನ ಲೈಸೆನ್ಸಿಗೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದರು. ನನ್ನದು ಗ್ರೀಸ್ ಡಬ್ಬಿಯ ಕೆಳಗೆ ಬಿದ್ದಿತ್ತು.

ಯಾರೋ ಗೋಡೆಗೆ ಗುದ್ದಿ ನಮಗೇ ಮಾರಿಹೋದ ಕೆಂಪು ಸ್ಪೋರ್ಟ್ಸ್ ಕಾರನ್ನು ರೇಸ್ ಕಾರು ಮಾಡೋಣ ಎಂದು ಅಪ್ಪ ಹೇಳಿದಾಗ, ಓಡಿಸುವವರು ಯಾರು ಎಂಬ ಮಾತೇ ಏಳಲಿಲ್ಲ. ನಾನೇ ಎಬ್ಬಿಸಿದೆ. "ಈ ಸಲ ನಾನು ಓಡಿಸ್ತೀನಿ" ಅಂದೆ. ಅಪ್ಪ ನಕ್ಕು, "ಮೊದ್ಲು ಕಾರ್ಪೆಟ್ ಕೀಳು" ಅಂದರು.

ಕಿತ್ತೆ. ಏಸಿ, ಸೀಟುಗಳು, ಬಾಗಿಲಿನ ಒಳಹೊದಿಕೆ, ಎಲ್ಲ ಹೊರಗೆ ಹಾಕಿದೆ. ಸದ್ದು ಬಾರದಿರಲೆಂದು ತಳಕ್ಕೆ ಅಂಟಿಸಿದ್ದ ಡಾಂಬರಿನಂಥ ಹಾಳೆಯನ್ನು ಉಳಿಯಿಂದ ಕೆರೆದು ಕೆರೆದು ಅಂಗೈಯಲ್ಲಿ ಬೊಬ್ಬೆ ಎದ್ದಿತು. ಅಣ್ಣ ಒಮ್ಮೆ ಇಣುಕಿ, "ಮ್ಯೂಸಿಕ್ ಸಿಸ್ಟಮ್ ಆದ್ರೂ ಬಿಡೇ" ಅಂದ.

"ಯಾಕಣ್ಣ, ರೇಸಲ್ಲಿ ಹಾಡು ಕೇಳ್ಕೊಂಡು ಹೋಗ್ತೀಯಾ?"

ಅವನು ಕಾರಿನ ಪಕ್ಕ ನಿಂತು ಫೋಟೊ ತೆಗೆಸಿಕೊಂಡು ಹೋದ.

ಕಾರು ಮಗುಚಿದರೂ ತಲೆ ಉಳಿಯಲಿ ಎಂದು ಒಳಗೆ ಉಕ್ಕಿನ ಪೈಪುಗಳ ಪಂಜರ ಕೂರಿಸಬೇಕು. ಅದಕ್ಕೆ ವೆಲ್ಡರ್ ಮಾವ ಬಂದರು. ಅಮ್ಮನ ತಮ್ಮ, ಜಗಳ ಎಂದರೆ ಮಾರು ದೂರ ಓಡುವ ಮನುಷ್ಯ. ಪಂಜರವಾದ ಮೇಲೆ ಸೀಟು. ಓಡಿಸುವವರೇ ಹೆಲ್ಮೆಟ್ ಹಾಕಿ ಕೂತು, ಬ್ರೇಕನ್ನು ಪೂರ್ತಿ ಒತ್ತಿ ತೋರಿಸಬೇಕು. ಮೊಣಕಾಲು ಎಷ್ಟು ಮಡಿಚಿದೆ ನೋಡಿ ತಳಕ್ಕೆ ಗುರುತು ಹಾಕಿ ತೂತು ಕೊರೆಯುವುದು. ಅಣ್ಣನಿಗೆ ಫೋನ್ ಮಾಡಿದರೆ "ನಾಳೆ" ಅಂದ. ಮಾರನೇ ದಿನವೂ "ನಾಳೆ" ಅಂದ.

ಅಪ್ಪನಿಗೆ ರೇಗಿತು. "ನೀನೇ ಕೂತು ಅಳತೆ ತಗೋ. ಅವ್ನು ಆಮೇಲೆ ಹಿಂದೆ ಮುಂದೆ ಮಾಡ್ಕೋತಾನೆ."

"ಹಿಂದೆ ಮುಂದೆ ಆಗಲ್ಲ ಅಪ್ಪ. ಸೀಟು ಜಾರೋ ಹಳೀನೇ ತೆಗ್ದಿದ್ದೀನಿ. ಬೋಲ್ಟ್ ಹಾಕಿದ್ರೆ ಮುಗೀತು."

"ತಲೆ ತಿನ್ಬೇಡ, ಕೂತ್ಕೋ."

ಕೂತೆ. ಅಣ್ಣನ ಹಳೇ ಓವರಾಲಿನ ತೋಳು ಮಡಿಚಿ ಹಾಕಿಕೊಂಡೇ ಬೆಳೆದವಳು ನಾನು. ಮೊದಲ ಸಲ ಒಂದು ವಸ್ತು ನನ್ನ ಬೆನ್ನಿಗೆ, ನನ್ನ ಕಾಲಿಗೆ ಸರಿಯಾಗಿ ಒಪ್ಪಿತು. ಖುಷಿಗೆ ಹೆಲ್ಮೆಟ್ಟಿನೊಳಗೇ ಅತ್ತುಬಿಟ್ಟೆ. ಬೋಲ್ಟುಗಳನ್ನು ನಾನೇ ಬಿಗಿದೆ.

ರೇಸ್ ಟ್ರ್ಯಾಕಿನಲ್ಲಿ ಅಭ್ಯಾಸದ ದಿನ ಬಂತು. ರೇಸಿನಲ್ಲಿ ಓಡಿಸುವವರ ಹೆಸರನ್ನು ಸಂಜೆಯೊಳಗೆ ಕೊಡಬೇಕಿತ್ತು. ಅಣ್ಣ ಹೊಸ ರೇಸ್ ಸೂಟು ತೊಟ್ಟು, ಉದ್ದನೆಯ ದೇಹವನ್ನು ಪೈಪುಗಳ ನಡುವೆ ಹೇಗೋ ತುರುಕಿದ. ಮೊಣಕಾಲು ಸ್ಟೀರಿಂಗಿಗೆ ತಾಗಿತು, ಹೆಲ್ಮೆಟ್ಟು ಮೇಲಿನ ಪೈಪಿಗೆ ಬಡಿಯಿತು. ಸೀಟಿನ ಕೆಳಗೆ ಕೈ ಹಾಕಿ ತಡಕಾಡತೊಡಗಿದ. ಪಕ್ಕದ ಟೀಮಿನವರು ಮುಸಿಮುಸಿ ನಕ್ಕರು.

"ಸೀಟು ಜಾರಿಸೋ ಲಿವರ್ ಎಲ್ಲೇ?"

"ಇಲ್ಲ."

ಅಪ್ಪನ ಮುಖ ಕೆಂಪಾಯಿತು. "ಸೀಟು ಬಿಚ್ಚಿ ಹಿಂದಕ್ಕೆ ಹಾಕು."

ಮಾವ ಗಾಬರಿಯಿಂದ ನಡುವೆ ಬಾಯಿ ಹಾಕಿದರು. "ಆಗಲ್ಲ ಭಾವ, ಪಂಜರಾನೇ ಕತ್ತರಿಸ್ಬೇಕಾಗತ್ತೆ. ಈ ಸಲ ಅವ್ಳೇ ಓಡಿಸ್ಲಿ ಬಿಡಿ."

ನಾನು ಸುಮ್ಮನಿದ್ದಿದ್ದರೆ ಅಲ್ಲಿಗೇ ಎಲ್ಲ ಸಲೀಸಾಗಿ ಮುಗಿಯುತ್ತಿತ್ತು. ಬೇರೆ ಗತಿಯಿಲ್ಲದೆ ಮಗಳು ಓಡಿಸಿದಳು ಎಂದು ಅಪ್ಪ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದರು. ನನಗೆ ಮೈಯೆಲ್ಲ ಉರಿಯಿತು.

"ಮಾವ ಸುಳ್ಳು ಹೇಳ್ತಿದ್ದಾರೆ" ಅಂದೆ. "ಆಗತ್ತೆ. ಬೋಲ್ಟ್ ಬಿಚ್ಚಿ ಬೇರೆ ತೂತು ಕೊರೆದ್ರೆ ಆಯ್ತು. ನಾನು ಮಾಡಲ್ಲ."

"ಮಾಡಲ್ಲ ಅಂದ್ರೆ?"

"ಮಾಡಲ್ಲ ಅಂದ್ರೆ ಮಾಡಲ್ಲ. ಈ ಕಾರು ನಾನು ಓಡಿಸ್ಬೇಕು ಅಂತ ಮೊದ್ಲೇ ಹೇಳಿದ್ದೆ."

ಅಪ್ಪ ಮಾವನ ಕಡೆ ತಿರುಗಿದರು. "ನೀನು ಬಿಚ್ಚಯ್ಯ."

ಮಾವ ನನ್ನನ್ನು ನೋಡಿದರು, ಅಪ್ಪನನ್ನು ನೋಡಿದರು. ಆಮೇಲೆ ಎರಡೂ ಕೈಯನ್ನು ಜೇಬಿಗೆ ಹಾಕಿಕೊಂಡು ಅಲ್ಲೇ ನಿಂತರು.

"ಅಣ್ಣ, ಇಳಿ" ಅಂದೆ.

ಗೊಣಗುತ್ತಾ ಇಳಿದ. ನಾನು ಕೂತು ಬೆಲ್ಟು ಬಿಗಿದು ಎಂಜಿನ್ ಶುರು ಮಾಡಿದೆ. ಅಪ್ಪ ಕಾರಿನ ಮುಂದೆಯೇ ಸೊಂಟಕ್ಕೆ ಕೈಕೊಟ್ಟು ನಿಂತಿದ್ದರು.

"ಅಪ್ಪ, ಪಕ್ಕಕ್ಕೆ ಬನ್ನಿ" ಎಂದು ಕೂಗಿದೆ.

ಬಂದರು.