ಪುಟ್ಟ ಸ್ಪೀಕರಿನ ವೈರು

1

ಈ ಕಥೆಯನ್ನು ಸ್ಪೀಕರ್ ಪೆಟ್ಟಿಗೆಯಿಂದ ಶುರು ಮಾಡಲೋ, ಬಸ್ಸಿನ ಬ್ರೇಕಿನಿಂದಲೋ? ಪೆಟ್ಟಿಗೆಯಿಂದಾದರೆ ನೀವು ನಗುತ್ತೀರಿ. ಬ್ರೇಕಿನಿಂದಾದರೆ ಅಪ್ಪ ಓದುವುದಿಲ್ಲ. (ಅವನು ಓದಲೇಬೇಕು. ಬರೆಯುತ್ತಿರುವುದೇ ಅದಕ್ಕೆ.)

ಪೆಟ್ಟಿಗೆಯೇ ಇರಲಿ.

2

ನಾನು ಆಡಿಯೋ ರಿಪೇರಿ ಅಂಗಡಿಯಲ್ಲಿ ಬೆಸುಗೆ ಹಾಕುತ್ತೇನೆ. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಮಾತು ಕಡಿಮೆ, ನೋಡುವುದು ಹೆಚ್ಚು. ಗಿರಾಕಿಗಳು ಚೆನ್ನಾಗಿಯೇ ಹಾಡುತ್ತಿರುವ ಸೆಟ್ ತಂದು, ಒಳಗಿನ ಕೆಪ್ಯಾಸಿಟರ್ ತೆಗೆಸಿ ದುಬಾರಿಯದ್ದು ಹಾಕಿಸುತ್ತಾರೆ. ಹೆಬ್ಬೆರಳಿನಷ್ಟು ದಪ್ಪದ ವೈರು ಎಳೆಸುತ್ತಾರೆ. ಆಮೇಲೆ ಕಣ್ಣು ಮುಚ್ಚಿ ಕೇಳಿ, "ಈಗ ಬೇರೆಯೇ ಆಯ್ತು" ಎನ್ನುತ್ತಾರೆ.

ನಿಜವಾಗಿ ಬೇರೆ ಆಗುತ್ತದೆಯೇ? ಅಂಗಡಿಯ ಯಜಮಾನರನ್ನು ಒಮ್ಮೆ ಕೇಳಿದ್ದೆ.

"ಒಣಗಿಹೋದ ಪಾರ್ಟ್ ತೆಗೆದು ಹೊಸದು ಹಾಕಿದ್ರೆ ಖಂಡಿತ ಆಗತ್ತೆ. ಉಳಿದ ಸಲ ಬದಲಾಗೋದು ಗಿರಾಕಿ. ನೀನು ಬೆಸುಗೆ ನೋಡ್ಕೋ ತಾಯಿ."

3

(ಇಲ್ಲಿದ್ದ ಎರಡು ಪುಟ ಹರಿದು ಹಾಕಿದೆ. ಅವುಗಳಲ್ಲಿ ಅಪ್ಪ ವಿಪರೀತ ಒಳ್ಳೆಯವನಾಗಿದ್ದ, ಗೋಡೆಗೆ ತೂಗುಹಾಕಿದ ಫೋಟೋದ ಹಾಗೆ.)

ಅಪ್ಪ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಹೊರಡುವ ಮುಂಚೆ ಪ್ರತಿ ಬಸ್ಸನ್ನೂ ಅಂಗಳದಲ್ಲಿ ಒಂದು ಸುತ್ತು ಓಡಿಸಿ ಬ್ರೇಕ್ ಹಾಕಿಸುತ್ತಾನೆ. ತಲೆ ಓರೆ ಮಾಡಿ ಕೇಳುತ್ತಾನೆ. ಬ್ರೇಕ್ ಸವೆದಿದ್ದರೆ ಸೂಜಿಯಂಥ ಕೀರಲು ಸದ್ದು ಬರುತ್ತದಂತೆ. ಬರದಿದ್ದರೆ ಕೈ ಬೀಸುತ್ತಾನೆ: ಹೋಗಬಹುದು. ಡಿಪೋದಲ್ಲಿ ಅವನಿಗೆ ಕಿವಿಯಣ್ಣ ಎಂದೇ ಹೆಸರು.

ಹೋದ ವರ್ಷದಿಂದ ಮನೆಯ ಸ್ಪೀಕರ್ ಮಂಕಾಗಿದೆ ಎನ್ನುತ್ತಿದ್ದ. ವೈರು ಬದಲಿಸಿದೆ. ಮಂಕು. ಕೆಪ್ಯಾಸಿಟರ್ ಬದಲಿಸಿದೆ. ಸ್ವಲ್ಪ ವಾಸಿ ಎಂದ. ಹೋದ ಭಾನುವಾರ ಟ್ವೀಟರನ್ನೇ ಬದಲಿಸಿದೆ. ಕೀಚು ಸದ್ದುಗಳಿಗೆಂದೇ ಇರುವ ಪುಟ್ಟ ಸ್ಪೀಕರ್ ಅದು. ಅಪ್ಪ ಕಣ್ಣು ಮುಚ್ಚಿದ.

"ಸದ್ದು ಅಂದ್ರೆ ಇದು ನೋಡು. ಗಾಜು ಒರೆಸಿಟ್ಟ ಹಾಗಿದೆ. ನಿಮ್ಮ ಯಜಮಾನ್ರಿಗೂ ಬರಲ್ಲ ಈ ಕೆಲಸ."

ನನಗೆ ಮಾತ್ರ ಹಾಡು ಕಂಬಳಿ ಹೊದ್ದುಕೊಂಡ ಹಾಗೆ ಕೇಳುತ್ತಿತ್ತು. ಅವನು ಸ್ನಾನಕ್ಕೆ ಹೋದಾಗ ಪೆಟ್ಟಿಗೆಯ ಹಿಂಬದಿ ಬಿಚ್ಚಿ ನೋಡಿದೆ. ಟ್ವೀಟರಿಗೆ ವೈರು ಸಿಕ್ಕಿಸುವುದನ್ನೇ ಮರೆತಿದ್ದೆ.

4

ಅಂತ್ಯ ಒಂದು: ವೈರು ಸಿಕ್ಕಿಸಿ ಸುಮ್ಮನಾಗುತ್ತೇನೆ. ಅಪ್ಪ ಕಿವಿಯಣ್ಣನಾಗಿಯೇ ಉಳಿಯುತ್ತಾನೆ. ಬಸ್ಸುಗಳು ಹೊರಡುತ್ತವೆ. (ಇದನ್ನು ಮೂರು ದಿನ ಬದುಕಿ ನೋಡಿದೆ. ಬಸ್ಸು ಹತ್ತಲು ಕಾಲು ಬರಲಿಲ್ಲ. ಅಂಗಡಿಗೆ ನಡೆದೇ ಹೋದೆ.)

ಅಂತ್ಯ ಎರಡು: ಡಿಪೋ ಸಾಹೇಬರಿಗೆ ಹೆಸರಿಲ್ಲದ ಕಾಗದ, ಕಿವಿಯಣ್ಣನಿಗೆ ಕೀರಲು ಸದ್ದು ಕೇಳಿಸುತ್ತಿಲ್ಲ ಎಂದು. ಎರಡು ಸಾಲು ಬರೆಯುವಷ್ಟರಲ್ಲಿ ಅಪ್ಪ ಪುಟದೊಳಗಿನಿಂದ ತಲೆಯೆತ್ತಿದ.

"ನನ್ನ ಬೆನ್ನ ಹಿಂದೆ ಬರೀತೀಯಾ?"

"ಮುಂದೆ ನಿಂತು ಹೇಳಿದ್ರೆ ನಿಂಗೆ ಕೇಳ್ಸಲ್ಲ."

"ನೀನು ಹುಟ್ಟಿದಾಗಿಂದ ಪಿಸುಗುಟ್ಟೋದೇ. ತಪ್ಪು ನಿನ್ನ ಗಂಟಲದ್ದು."

"ಇರ್ಲಿ. ಬ್ರೇಕಿಂದೂ ಗಂಟಲು ಸಣ್ಣದೇ ಅಲ್ವಾ ಅಪ್ಪ?"

(ಅವನ ಉತ್ತರವನ್ನೂ ನಾನೇ ಬರೆಯಬೇಕಿತ್ತು. ಆಗಲಿಲ್ಲ.) ಕಾಗದ ಹರಿದೆ.

ನಂಬರಿಲ್ಲದ್ದು

ಅಪ್ಪ, ನಿಜವಾದ ಅಪ್ಪ, ಈಗ ತಾನೇ ಒಳಗೆ ಬಂದ. ತೋಳಿನ ತುಂಬ ಗ್ರೀಸು.

"ಏನು ಬರೀತಿದ್ದೀಯ?"

"ಅಪ್ಪ, ನಿಂಗೆ ಸಣ್ಣ ಸದ್ದು ಕೇಳಿಸ್ತಿಲ್ಲ."

"ಆಂ?"

ಈ ಪುಟಗಳನ್ನೇ ಮುಂದೆ ಹಿಡಿದೆ. ಜೇಬು ತಡವಿಕೊಂಡ, ಕನ್ನಡಕ ಡಿಪೋದಲ್ಲೇ ಬಿಟ್ಟು ಬಂದಿದ್ದಾನೆ.

"ನೀನೇ ಓದು. ಗಟ್ಟಿಯಾಗಿ ಓದು," ಎಂದು ಕುರ್ಚಿ ಎಳೆದುಕೊಂಡು ಕೂತ. ಬಸ್ಸಿಗೆ ಕಿವಿ ಕೊಡುವಾಗಿನ ಹಾಗೆಯೇ ತಲೆ ಓರೆ ಮಾಡಿದ್ದಾನೆ.

ಹಾಗಾಗಿ ಓದುಗರೇ, ಕೊನೆ ಏನಾಯಿತು ಎಂದು ನಿಮಗೆ ತಿಳಿಸಲಾರೆ. ಗಟ್ಟಿಯಾಗಿ ಓದುವುದು, ಬರೆಯುವುದು, ಎರಡೂ ಒಟ್ಟಿಗೆ ನನ್ನಿಂದ ಆಗದು. ಗಂಟಲು ಸರಿಮಾಡಿಕೊಂಡಿದ್ದೇನೆ. ಈಗ ಪೆನ್ನು ಕೆಳಗಿಡಬೇಕು.