ಕೈ ಮರಗಟ್ಟುವವರೆಗೆ

"ಎಳೀಬೇಡಿ ಮಾವ!"

ಚಿಕ್ಕಮಲ್ಲಪ್ಪನ ಕೈ ನಿಂತಿತು. ಸ್ನಾನ ಮಾಡಿಸಿ ಗೋಡೆಗೆ ಒರಗಿಸಿ ಕೂರಿಸಿದ್ದ ಅಣ್ಣನ ಮಗ ಬಸವಪ್ರಸಾದನ ಎಡಗೈಯನ್ನು ಅವನು ಹಿಡಿದಿದ್ದ. ಕೈಯ ಮೇಲ್ಭಾಗದಲ್ಲಿ, ಒದ್ದೆ ಪ್ಲಾಸ್ಟರಿನಡಿ, ಡ್ರಿಪ್‌ಗೆಂದು ಚುಚ್ಚಿದ್ದ ನಳಿಕೆ ಹಾಗೇ ಉಳಿದಿತ್ತು. ಬೆಳಿಗ್ಗೆ ಮೈಸೂರಿಗೆ ಒಯ್ಯುವಾಗ ನಂಜನಗೂಡು ತಲುಪುವ ಮೊದಲೇ ಅವನ ಉಸಿರು ನಿಂತು, ಆಂಬ್ಯುಲೆನ್ಸನ್ನು ಊರಿಗೆ, ಹಂಗಳಕ್ಕೆ ತಿರುಗಿಸಿದ್ದರು. ನಳಿಕೆ ತೆಗೆಯಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

"ಇದ್ನ ಕೀಳ್ದೆ ಅಂಗೈಗೆ ಲಿಂಗ ಎಂಗವ್ವ ಕೊಡದು? ಐನೋರು ಕಾಯ್ತಾವ್ರೆ."

"ನಾನೇ ತೆಗೀತೀನಿ. ಮೊದಲು ಮುಲಾಮು ಹಚ್ಚಬೇಕು."

ಬೆಳಗಿನಿಂದ ದಾನೇಶ್ವರಿ ಬಾಯಿ ಬಿಟ್ಟದ್ದು ಆಗಲೇ. ಗಂಡನ ಆಸ್ಪತ್ರೆಯ ಚೀಲದಿಂದ ಟ್ಯೂಬು ತೆಗೆದು, ನಳಿಕೆಯ ಸುತ್ತ ಬಿಳಿಯ ಮುಲಾಮು ಹಚ್ಚಿ, ಪಕ್ಕದಲ್ಲಿ ಕುಳಿತಳು.

"ಎಷ್ಟೊತ್ತಾದದು?"

"ಒಂದು ಗಂಟೆ ಬೇಕು."

ಅಂಗಳದಲ್ಲಿ ಗುಸುಗುಸು ಎದ್ದಿತು.

"ಏನ್ಲಾ ಅದು ಶಾಂತರಾಜು?"

ಗುಂಡ್ಲುಪೇಟೆಯ ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ ಬಸವಪ್ರಸಾದನ ಜೊತೆ ಕೆಲಸ ಮಾಡುತ್ತಿದ್ದ ಶಾಂತರಾಜು ತಲೆ ತಗ್ಗಿಸಿಯೇ ಹೇಳಿದ. "ಸೂಜಿ ಚುಚ್ಚೋಕ್ ಮುಂಚೆ ಹಚ್ಚೋದು ಕಣಣ್ಣ. ನೋವಾಗಲ್ವಂತೆ. ಇವ್ನು ತ್ರೀ ಫೇಸ್ ಕರೆಂಟ್‌ಗೆ ಕೈಯಿಕ್ಕಿ ನಗ್ತಿದ್ದೋನು. ಕೊರೋನಾ ಇಂಜೆಕ್ಷನ್ ಅಂದೇಟ್ಗೆ ಅಂಗಡಿ ಇಂದ್ಲ ಗೋಡೆ ಆರೋಗ್ಬುಟ್ಟ. ನಾನೇ ಬಸವಪ್ರಸಾದ್ ಅಂತ ಅವನ್ದೂ ನಾನೇ ಚುಚ್ಚುಸ್ಕಂಡೆ."

"ಅದ್ಕೇಯಾ ನೀನಿಂಗೆ ಊದ್ಕಂಡಿರದು?"

ಯಾರೋ ನಕ್ಕರು. ಶಾಂತರಾಜುವೂ ನಗಲು ಹೋಗಿ, ಟವೆಲಿನಲ್ಲಿ ಮುಖ ಮುಚ್ಚಿಕೊಂಡ.

* * *

ಬಸವಪ್ರಸಾದನ ಹೊಟ್ಟೆಯಲ್ಲಿ ಗಡ್ಡೆ ಎಂದು ಗೊತ್ತಾದ ಮೇಲೆ ಹದಿನೈದು ದಿನಕ್ಕೊಮ್ಮೆ ಚಾಮರಾಜನಗರದ ಆಸ್ಪತ್ರೆಗೆ ಹೋಗಿ ಡ್ರಿಪ್ ಹಾಕಿಸಿಕೊಳ್ಳಬೇಕಿತ್ತು. ಮೊದಲ ಸಲ ಸಿಸ್ಟರ್ ಬಿಂದುಶ್ರೀಗೆ ನರ ಬೇಗ ಸಿಗಲಿಲ್ಲ. ಅವನು ಕೂಗಲಿಲ್ಲ. ಸೂಜಿ ಕೂತಾಗ ಅವನ ಕೆಳತುಟಿಯಲ್ಲಿ ಹಲ್ಲಿನ ಗುರುತಿತ್ತು, ರಕ್ತವಿತ್ತು.

"ಅಕ್ಕ, ಮುಂದಿನ್ಸಲ ಬರೋವಾಗ ಈ ಮುಲಾಮು ಹಚ್ಕೊಂಡ್ ಬನ್ನಿ. ಮೇಲೆ ಪ್ಲಾಸ್ಟಿಕ್ ಸುತ್ತಿ. ಕೈ ಮರಗಟ್ಟೋವರೆಗೂ ಕಾಯ್ಬೇಕು, ಅಷ್ಟೆ" ಎಂದಳು ಬಿಂದುಶ್ರೀ.

ಅಂದಿನಿಂದ ಬಸ್ಸು ತೆರಕಣಾಂಬಿ ಮುಟ್ಟಿದರೆ ಅವನು ತಾನಾಗಿ ಕೈ ಚಾಚುತ್ತಿದ್ದ. ದಾನೇಶ್ವರಿ ಹಚ್ಚುತ್ತಿದ್ದಳು.

"ಕೈ ಸುಟ್ಕಂಡವ್ನಾ ಕಣಮ್ಮಿ? ಬೆಣ್ಣೆಯಾ ಅದು?" ಎಂದು ಒಮ್ಮೆ ಪಕ್ಕದ ಸೀಟಿನ ಅಜ್ಜಿ ಕೇಳಿದಳು.

"ಇಲ್ಲ ಕಣಜ್ಜಿ," ಎಂದ ಅವನು, "ಹೆಂಡ್ತಿ ನನ್ ಕೈಯ ಮಲಗುಸ್ತಾವ್ಳೆ."

ಆ ದಿನ ವಾರ್ಡಿನಲ್ಲಿ ಕಣ್ಣು ಮುಚ್ಚಿಕೊಂಡು, "ಹ್ಞೂಂ, ಚುಚ್ಚಿ ಸಿಸ್ಟರ್" ಎಂದ.

"ಆಗೋಯ್ತಣ್ಣ."

ಕಣ್ಣು ಬಿಟ್ಟು, ಇನ್ಯಾರದೋ ಕೈಯನ್ನು ನೋಡುವವನಂತೆ ನೋಡಿದ. ಆಮೇಲೆ ಇಡೀ ವಾರ್ಡು ತಿರುಗುವ ಹಾಗೆ ನಕ್ಕ.

ಇವತ್ತು ಬೆಳಿಗ್ಗೆ ಕಾಯುವಷ್ಟು ಹೊತ್ತಿರಲಿಲ್ಲ. ಓಡುವ ಗಾಡಿಯಲ್ಲೇ ಚುಚ್ಚಿದರು. ಅವನು ಕೂಗಿದ. ಉಸಿರು ಸಿಕ್ಕಾಗ ಕೇಳಿದ:

"ದಾನು, ಹಚ್ಚಿದ್ಯಾ?"

ಟ್ಯೂಬು ಅವಳ ಮಡಿಲ ಮೇಲಿನ ಚೀಲದಲ್ಲೇ ಇತ್ತು.

"ಹ್ಞೂಂ" ಎಂದಳು.

ಅವನು ಮತ್ತೆ ಮಾತಾಡಲಿಲ್ಲ.

* * *

"ಹೊತ್ತಿಳೀತಾ ಅದೆ" ಎಂದರು ಐನೋರು ಬಾಗಿಲಲ್ಲಿ ನಿಂತು.

ಚಿಕ್ಕಮಲ್ಲಪ್ಪ ಸೊಸೆಯ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ. ದನಿ ತಗ್ಗಿಸಿ ಹೇಳಿದ. "ಮೈಯೆಲ್ಲಾ ಮರಗಟ್ಟೋಗದೆ ಕಣವ್ವ. ಇನ್ನೇನ ಕಾಯದು?"

"ಆ ಜಾಗ ಇನ್ನೂ ಇಲ್ಲ ಮಾವ."

ಅವನು ನಿಟ್ಟುಸಿರು ಬಿಟ್ಟು ಮತ್ತೆ ಆ ಕೈಗೆ ಕೈ ಹಾಕಿದ. ದಾನೇಶ್ವರಿ ಅದರ ಮೇಲೆ ಎರಡೂ ಅಂಗೈ ಮುಚ್ಚಿದಳು.

ಕಂಬಕ್ಕೊರಗಿದ್ದ ಅತ್ತೆ ದೊಡ್ಡಮಲ್ಲಮ್ಮ ತೆವಳಿಕೊಂಡು ಹತ್ತಿರ ಬಂದಳು.

"ಹಚ್ದೇನೆ ಚುಚ್ಚುಬುಟ್ರಾ?"

ದಾನೇಶ್ವರಿ ಹೌದೆಂದು ತಲೆಯಾಡಿಸಿದಳು.

"ಕೂಗುದ್ನಾ?"

ದಾನೇಶ್ವರಿ ಅಂಗೈಗಳನ್ನು ಇನ್ನಷ್ಟು ಒತ್ತಿ ಮುಚ್ಚಿದಳು. ದೊಡ್ಡಮಲ್ಲಮ್ಮ ಮಗನ ಮುಖವನ್ನೇ ನೋಡಿದಳು. ಆಮೇಲೆ ಬಾಗಿಲ ಕಡೆ ತಿರುಗಿದಳು.

"ಎಲ್ಲಾ ಕೂತ್ಕಳ್ರಪ್ಪ. ಆಮೇಕೆ ಓಗನ."

ಚಿಕ್ಕಮಲ್ಲಪ್ಪ ಕೈ ತೆಗೆದು ಅಲ್ಲೇ ಚಕ್ಕಳಮಕ್ಕಳ ಹಾಕಿ ಕೂತ. ಐನೋರು ಜಗುಲಿಗೆ ಹೋಗಿ ಕುಳಿತರು. ಹೊರಲು ಬಂದವರು ಒಬ್ಬೊಬ್ಬರಾಗಿ ಕಾಂಪೌಂಡ್ ಗೋಡೆಯುದ್ದಕ್ಕೂ ಕೂತರು.

ಬಿಸಿಲು ಅಂಗಳ ದಾಟಿ ಗೋಡೆ ಹತ್ತಿದ ಮೇಲೆ ದಾನೇಶ್ವರಿ ಮುಲಾಮು ಒರೆಸಿದಳು. ಪ್ಲಾಸ್ಟರನ್ನು ಅಂಚಿನಿಂದ ಬಿಡಿಸಿ, ನಳಿಕೆಯನ್ನು ಮೆಲ್ಲನೆ ಎಳೆದಳು. ರಕ್ತ ಬರಲಿಲ್ಲ. ಆದರೂ ದೊಡ್ಡಮಲ್ಲಮ್ಮ ಸೆರಗಿನ ತುದಿ ಮಡಚಿ ಆ ತೂತನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದಳು.

ಜಗುಲಿಯಿಂದ ಎದ್ದು ಬಂದ ಐನೋರು ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು, ಅವಳು ಬಿಡಲಿ ಎಂದು ನಿಂತೇ ಇದ್ದರು.